ಮೂಕ ಗೇಮ್‌ಯಂತ್ರದ ಮೇಲೆ ತ್ರಿವಿಕ್ರಮನ ದಂಡಯಾತ್ರೆ

ಎಲೈ ಗಾಂಭೀರ್ಯವೇ, ಈ ಕಥೆ ಮುಗಿಯುವವರೆಗೆ ನನ್ನ ತುಟಿಗಳನ್ನು ಕಾಯ್ದುಕೋ! ಅಂಗೈಯಗಲದ ಫೋನಿನಲ್ಲೇ ಚತುರ್ದಶ ಭುವನಗಳೂ ಅಡಗಿ ಕುಳಿತ ಈ ಯುಗದಲ್ಲಿ, ಮೈಸೂರಿನ ಸರಸ್ವತೀಪುರಂನಲ್ಲಿ, ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕನೂ, ಮಿಕ್ಸಿ-ಗೀಸರ್-ಇಸ್ತ್ರಿಪೆಟ್ಟಿಗೆಗಳ ಅಂತರಂಗಭೇದಕನೂ, ಬಿಚ್ಚಿದ್ದನ್ನು ಮರಳಿ ಜೋಡಿಸುವುದರಲ್ಲಿ ಮಾತ್ರ ಕಿಂಚಿತ್ ಮಂದಗತಿಯವನೂ ಆದ ತ್ರಿವಿಕ್ರಮನೆಂಬ ವೀರನಿದ್ದನು.

ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿ ವಾರಿಜೆ ತವರಿನ ಟ್ರಂಕಿನಿಂದ ತಂದಿದ್ದ ಹಳೆಯ ಗೇಮ್‌ಯಂತ್ರವನ್ನು ಅವನ ಮುಂದಿಟ್ಟಳು. ಅದು ಬೂದಿಬಣ್ಣದ್ದು, ಅದರ ಪುಟ್ಟ ಪರದೆಯ ಮೇಲೆ ಇಟ್ಟಿಗೆಗಳು ಉದುರುತ್ತಿದ್ದವು, ಆದರೆ ಸದ್ದೇ ಇರಲಿಲ್ಲ.

"ರೀ, ಹೊಸ ಸೆಲ್ ಹಾಕಿದ್ರೂ ಸೌಂಡೇ ಬರ್ತಿಲ್ಲ. ಇದು ನನ್ನ ತಂಗಿ ನಳಿನಿದು. ಚಿಕ್ಕೋರಾಗಿದ್ದಾಗ ನನ್ನ ಸರದಿ ನಡೀತಿರುವಾಗ್ಲೇ ಸೌಂಡು ಕೆಟ್ಟೋಯ್ತು. ಇಟ್ಟಿಗೆ ಬೀಳೋ ಮುಂಚೆ ಟಿಣ್ ಅನ್ನೋದನ್ನ ಕೇಳಿಸ್ಕೊಂಡೇ ನಾನು ಆಡ್ತಿದ್ದಿದ್ದು. ಹನ್ನೊಂದು ಪಾಯಿಂಟಲ್ಲಿ ಸೋತೆ. ಇಪ್ಪತ್ತೆಂಟು ವರ್ಷದಿಂದ ಯಾರ ಮನೆ ಮದುವೆಗೆ ಹೋದ್ರೂ ಅದನ್ನೇ ಎತ್ತಾಡ್ತಾಳೆ. ಇವತ್ತು ನಾಲ್ಕು ಗಂಟೆಗೆ ಬರ್ತಾಳೆ, ಮತ್ತೆ ಆಡೋಕೆ."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. ಆ ದನಿ ಕೇಳಿದೊಡನೆ ವೀರನ ಭುಜಗಳು ಉಬ್ಬಿದವು.

"ಅಳಬೇಡ ಕಣೇ! ಶಬ್ದ ಅಂದ್ರೇನು? ಕಂಪನ! ಇಪ್ಪತ್ತೆರಡು ವರ್ಷದಿಂದ ಅದನ್ನೇ ಪಾಠ ಮಾಡ್ತಿರೋ ನನ್ನ ಮುಂದೆ ಈ ಡಬ್ಬಿ ಮೌನವ್ರತ ಮಾಡುತ್ತಾ? ನಾಲ್ಕರೊಳಗೆ ಇದನ್ನ ಹಾಡಿಸ್ದೆ ಇದ್ರೆ ನಾನು ಕಾಫಿ ಮುಟ್ಟಲ್ಲ!"

"ಅಷ್ಟೆಲ್ಲಾ ಬೇಡ, ಅಂಗಡಿಗೆ ಕೊಡೋಣ."

"ಅಂಗಡಿಗೆ? ನಾನು ಬದುಕಿರುವಾಗ?"

ಹೀಗೆಂದು ಗರ್ಜಿಸಿದ ಆ ಸ್ಕ್ರೂಡ್ರೈವರ್‌ಪಾಣಿಯು ಮೊದಲು ಇಯರ್‌ಫೋನಿನ ತೂತಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ತೂರಿಸಿ, ದಶಕಗಳ ಧೂಳನ್ನು ಹೊರಗೆಳೆದು, ತಾನೇ ಸೀನಿದನು. ಯಂತ್ರ ಮಾತಾಡಲಿಲ್ಲ. ಅನಂತರ ಐದು ಸ್ಕ್ರೂಗಳನ್ನು ಕಿತ್ತು ಬೆನ್ನಿನ ಮುಚ್ಚಳ ತೆಗೆಯುತ್ತಲೇ ಒಳಗಿದ್ದ ಸ್ಪ್ರಿಂಗೊಂದು ಚಂಗನೆ ಹಾರಿ ಸೋಫಾದಡಿಯ ಘೋರಾಂಧಕಾರವನ್ನು ಹೊಕ್ಕಿತು. ಅದನ್ನು ಬೆನ್ನಟ್ಟಿ ತೆವಳಿದ ವೀರನ ನೆತ್ತಿಗೂ ಟೀಪಾಯಿಗೂ ಸಂಘಟ್ಟನೆಯಾಯಿತು. ಊಟ ತಣ್ಣಗಾಯಿತು. ಸ್ಪೀಕರಿನ ಕೆಂಪು ತಂತಿಗೆ ಬೆಸುಗೆ ಬಿತ್ತು, ಕಪ್ಪು ತಂತಿಗೂ ಬಿತ್ತು, ಹೆಬ್ಬೆರಳಿಗೂ ತುಸು ಬಿತ್ತು. ಮತ್ತೆ ಜೋಡಿಸಿ ಗುಂಡಿ ಒತ್ತಿದರೆ ಇಟ್ಟಿಗೆಗಳು ಹಿಮದಂತೆ ನಿಶ್ಶಬ್ದವಾಗಿ ಉದುರಿದವು.

"ಹೋಗ್ಲಿ ಬಿಡಿ," ಎಂದಳು ವಾರಿಜೆ, ಗಂಡನ ಸುಟ್ಟ ಬೆರಳಿಗೆ ತಣ್ಣೀರು ಹಿಡಿಯುತ್ತ. "ಸೋತ್ರೆ ಸೋತೆ."

ವೀರನು ತಲೆ ತಗ್ಗಿಸಿದನು. ಅದೇ ಕ್ಷಣದಲ್ಲಿ ಕರೆಗಂಟೆ ಬಾರಿಸಿ, ಹಾಸನದಿಂದ ಬಂದ ನಾದಿನಿ ನಳಿನಾಕ್ಷಿ ಒಳಗೆ ಅಡಿಯಿಟ್ಟಳು.

"ಏನ್ ಭಾವ, ನೆಲದ ಮೇಲೆ ಕೂತಿದೀರಾ? ತಲೆ ಮೇಲೇನು, ಜೇಡರಬಲೆನಾ?" ಎನ್ನುತ್ತಲೇ ಯಂತ್ರವನ್ನೆತ್ತಿಕೊಂಡು, ಅದರ ಪಕ್ಕದಲ್ಲಿ ಉಗುರಿನಷ್ಟೇ ಕಾಣುತ್ತಿದ್ದ ಗಾಲಿಯೊಂದನ್ನು ಹೆಬ್ಬೆರಳಿನಿಂದ ಉರುಳಿಸಿದಳು.

ಟಿಣ್!

"ಏನಮ್ಮಾ ಮಾಡ್ದೆ?" ಎಂದನು ತ್ರಿವಿಕ್ರಮ, ಕ್ಷೀಣಸ್ವರದಲ್ಲಿ.

"ವಾಲ್ಯೂಮ್ ಜಾಸ್ತಿ ಮಾಡ್ದೆ ಭಾವ. ಪೂರ್ತಿ ಕಮ್ಮಿ ಆಗಿತ್ತು."

ವಾರಿಜೆ ತಂಗಿಯನ್ನೇ ದಿಟ್ಟಿಸಿದಳು.

"ಕಮ್ಮಿ ಮಾಡಿದ್ಯಾರು, ನಳಿನಿ?"

ನಳಿನಾಕ್ಷಿಯ ಕಿವಿ ಕೆಂಪಾಯಿತು. "ನಾನೇ ಅಕ್ಕ. ನೀನು ಗೆಲ್ಲೋ ಹಾಗಿದ್ದೆ. ಆಟ ನೋಡೋ ನೆಪದಲ್ಲಿ ಪಕ್ಕ ಬಂದು ತಿರುಗಿಸಿಬಿಟ್ಟೆ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ನೀನೋ, ಕೆಟ್ಟೋಯ್ತು ಅಂತ ಟ್ರಂಕಿಗೇ ಹಾಕ್ಬಿಟ್ಟೆ."

"ಇಪ್ಪತ್ತೆಂಟು ವರ್ಷ ಎಲ್ಲರ ಮುಂದೆ ನನ್ನ ಆಡ್ಕೊಂಡ್ಯಲ್ಲೇ, ಕಳ್ಳಿ!" ಎಂದು ವಾರಿಜೆ ಸೋಫಾದ ದಿಂಬನ್ನೆತ್ತಿ ಬೀಸಿದಳು. ದಿಂಬು ತಂಗಿಗೆ ತಾಗದೆ ಭಾವನಿಗೆ ತಾಗಿತು. ಮೊದಲು ನಕ್ಕವಳು ಅಕ್ಕನೇ. ಬಳಿಕ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕೂತ್ಕೋ," ಎಂದಳು ವಾರಿಜೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಣಚಂಡಿಯಂತೆ ಯಂತ್ರವನ್ನು ಕಸಿದುಕೊಂಡು. "ನ್ಯಾಯವಾಗಿ ಆಡಣ. ಮೊದಲ ಆಟ ನಂದು."

ಮೂರನೇ ನಿಮಿಷಕ್ಕೆ ಅವಳು ಸೋತಳು. ಸೌಂಡು ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು.