ಇನ್ನೂರ ಹನ್ನೊಂದು ದಿನ ಏನೂ ಆಗದ ಆಸ್ಪತ್ರೆಯ ಫಲಕಕ್ಕೆ

ಮಾನ್ಯ ಶ್ರೀ ಫಲಕದವರೇ,

ಹರಪನಹಳ್ಳಿ ಸೀಮೆಯ, ಹೆಸರು ಹೇಳಿದರೆ ನನ್ನ ಮೇಲೆ ಇನ್ನೊಂದು ಕಡತ ತೆರೆಯುವ ಒಂದು ಸರ್ಕಾರಿ ಆಸ್ಪತ್ರೆಯ ಮುಂಬಾಗಿಲಲ್ಲಿ, ಮೈತುಂಬ ಹಸಿರು ಬಣ್ಣ ಬಳಿದುಕೊಂಡು, 'ಸಿಬ್ಬಂದಿಗೆ ಅವಘಡವಿಲ್ಲದೆ ಕಳೆದ ದಿನಗಳು' ಎಂಬ ಅಕ್ಷರಗಳ ಕೆಳಗೆ ಅಂಕಿಗಳನ್ನು ಕೊಕ್ಕೆಗೆ ನೇತುಹಾಕಿಕೊಂಡು ವಿರಾಜಮಾನರಾಗಿರುವ ತಮಗೆ, ಅದೇ ಆಸ್ಪತ್ರೆಯ ಶುಶ್ರೂಷಾಧಿಕಾರಿ ಸುಕನ್ಯಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮಲ್ಲಿ ಕ್ಷೇಮವಾಗಿರಲು ಮಂಜೂರಾದ ಹುದ್ದೆ ಇರುವುದು ತಮಗೊಬ್ಬರಿಗೇ.

ತಾವು ಬಂದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಹಾವು ಕಡಿತದ ಔಷಧ ಮುಗಿದಿದೆ ಎಂದದ್ದಕ್ಕೆ ರೋಗಿಯ ಕಡೆಯವರು ಬೀಸಿದ ಸ್ಟೂಲು ಫಾರ್ಮಸಿಯ ಪ್ರವೀಣಕುಮಾರರ ಹುಬ್ಬಿಗೆ ತಗುಲಿ ನಾಲ್ಕು ಹೊಲಿಗೆ ಬಿದ್ದಾಗ, ಅವರ ಚಿಕಿತ್ಸೆಯ ಚೀಟಿಯಲ್ಲಿ 'ಮನೆಯ ಬಚ್ಚಲಲ್ಲಿ ಜಾರಿದ್ದು' ಎಂದು ಬರೆಯಲಾಯಿತು. ಸತತ ಮೂರನೆಯ ಪಾಳಿಯಲ್ಲಿ ನಾನು ತಲೆ ತಿರುಗಿ ಬಿದ್ದದ್ದು ಸೋಮವಾರದ ಉಪವಾಸದಿಂದ ಎಂದು ತೀರ್ಮಾನವಾಯಿತು, ನಾನು ಅಂದು ನಾಲ್ಕು ಇಡ್ಲಿ ತಿಂದಿದ್ದರೂ. ಹೆರಿಗೆ ವಾರ್ಡಿನ ಸೂರಿನಿಂದ ಗಾರೆ ಕಳಚಿ ಬಿದ್ದದ್ದು ಬೆಳಿಗ್ಗೆ ಎಂಟೂ ಮುಕ್ಕಾಲಿಗೆ. ಜವಾನ ಸಿದ್ದಲಿಂಗ ತಮ್ಮ ಅಂಕಿ ಬದಲಿಸುವುದು ಒಂಬತ್ತಕ್ಕೆ. ಆದ್ದರಿಂದ ಅದು ಯಾವ ದಿನಕ್ಕೂ ಸೇರಲಿಲ್ಲ. ಇದಕ್ಕೆಲ್ಲ ಯಾರೂ ಆದೇಶ ಹೊರಡಿಸಿರಲಿಲ್ಲ ಎಂಬುದೇ ತಮ್ಮ ಹೆಗ್ಗಳಿಕೆ. ತಮ್ಮ ಅಂಕಿ ಸೊನ್ನೆಯಾದರೆ ಜಿಲ್ಲೆಯಿಂದ ಬರಬೇಕಾದ 'ಸುರಕ್ಷಿತ ಆಸ್ಪತ್ರೆ' ಪ್ರಮಾಣಪತ್ರ ತಪ್ಪುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಹೀಗಿರುವಾಗ ತಮ್ಮ ಇನ್ನೂರ ಒಂಬತ್ತನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಸ್ವಚ್ಛತೆಯ ಕೆಲಸದ ದುರುಗಮ್ಮ ಕಸದ ಚೀಲ ಎತ್ತುವಾಗ ಒಳಗಿದ್ದ ಸೂಜಿ ಅವಳ ಅಂಗೈಗೆ ಚುಚ್ಚಿತು. ಬಳಸಿದ ಸೂಜಿ ಹಾಕಬೇಕಾದ ಬಿಳಿ ಡಬ್ಬಿ ತುಂಬಿ ವಾರವಾಗಿತ್ತು. ಹೊಸ ಡಬ್ಬಿಗಳು ಇರಲಿಲ್ಲವೆಂದಲ್ಲ. ಬುಧವಾರ ಬರುವ ಸಿಬ್ಬಂದಿ ಕ್ಷೇಮ ಸಮಿತಿಗೆ ತೋರಿಸಲೆಂದು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿತ್ತು. ಹಾಗಾಗಿ ಸೂಜಿಯನ್ನು ಸಾಮಾನ್ಯ ಕಸಕ್ಕೆ ಎಸೆದವರು ನಮ್ಮಲ್ಲೇ ಯಾರೋ. ನಾನೇ ಇದ್ದರೂ ಇರಬಹುದು.

ದುರುಗಮ್ಮನ ಚೀಟಿ ಬರೆದವಳಂತೂ ನಾನೇ. 'ಜಾಲಿ ಮುಳ್ಳು ಚುಚ್ಚಿದ್ದು' ಎಂದು, ದುಂಡಗಿನ ಅಕ್ಷರಗಳಲ್ಲಿ ಬರೆದೆ. ಮುಳ್ಳಿಗೆ ಕೊಡುವ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಕಳಿಸಿದೆ. ಅವಳೂ ಕೈ ಒರೆಸಿಕೊಂಡು ಉಳಿದ ಚೀಲಗಳನ್ನು ಎತ್ತಲು ಹೋದಳು.

ಬುಧವಾರ ಸಮಿತಿಯವರು ಬಂದು ಬೀರುವಿನ ಡಬ್ಬಿಗಳನ್ನು ಎಣಿಸಿ, ಫಲಕದವರಾದ ತಮ್ಮ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಒತ್ತಡ ನಿವಾರಣೆಯ ತರಬೇತಿ ಕೊಟ್ಟರು. ಮೊದಲ ಸಾಲಿನಲ್ಲಿ ಕೂತ ದುರುಗಮ್ಮನಿಗೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡಲು ಹೇಳಿದರು, ಅವಳು ಉಸಿರಾಡಿದಳು. ಅವರ ಜೀಪು ಹೊರಟ ಮೇಲೆ ನನ್ನ ಬಳಿ ಬಂದು, ಆ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದಳು: "ಸಿಸ್ಟರಮ್ಮಾ, ಮಮ್ಮಗಳಿಗೆ ಈ ಕೈಲಿ ತುತ್ತ ತಿನ್ಸಿದ್ರ ಏನೂ ಆಗಂಗಿಲ್ಲಲ್ರಿ?"

ಮಾನ್ಯರೇ, ಮುಳ್ಳು ಚುಚ್ಚಿಸಿಕೊಂಡವರು ಯಾರೂ ಹಾಗೆ ಕೇಳುವುದಿಲ್ಲ. ಎರಡು ದಿನದಿಂದ ಅವಳು ಆ ಮಗುವನ್ನು ಮುಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ತುತ್ತಿನಿಂದ ಏನೂ ಅಂಟುವುದಿಲ್ಲ ಎಂದು ಹೇಳಿದೆ. ಆದರೆ ಯಾರ ಮೈಯಿಂದ ಬಂದ ಸೂಜಿಯೋ ತಿಳಿಯದು, ಎಚ್‌ಐವಿ ತಡೆಯುವ ಮಾತ್ರೆಯನ್ನು ಎಪ್ಪತ್ತೆರಡು ಗಂಟೆಯೊಳಗೆ ಶುರುಮಾಡಬೇಕು, ಆಮೇಲೆ ಕೊಟ್ಟು ಫಲವಿಲ್ಲ, ಆಗಲೇ ಐವತ್ನಾಲ್ಕು ಗಂಟೆ ಕಳೆದಿದೆ ಎಂಬುದನ್ನೂ ಅವಳಿಗೆ ಹೇಳಿದೆ.

ಮಾತ್ರೆ ನಮ್ಮ ಆಸ್ಪತ್ರೆಯಲ್ಲೇ ಇತ್ತು. ಕೊಡಬೇಕಾದರೆ ಅವಘಡದ ರಿಜಿಸ್ಟರಿನಲ್ಲಿ ಬರೆಯಬೇಕು, ಬರೆದರೆ ತಾವು ಸೊನ್ನೆಯಾಗಬೇಕು. ಅನುಮತಿ ಕೇಳಲು ಹೋದಾಗ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಸಾಹೇಬರು ಕೋಪಿಸಿಕೊಳ್ಳಲಿಲ್ಲ, ಬಹಳ ಮೆತ್ತಗೆ ಹೇಳಿದರು: "ಶುಕ್ರವಾರ ಸರ್ಟಿಫಿಕೇಟ್ ಕೈಗೆ ಬರ್ಲಿ, ಆಮ್ಯಾಲೆ ಬರಕೊಳ್ರಿ. ಅಲ್ಲಿತನಕ ಏನ್ ಮುಳುಗಿ ಹೋಗ್ತೈತಿ?"

ನಾನು ರಿಜಿಸ್ಟರು ತೆರೆದೆ. ಇನ್ನೂರ ಹನ್ನೊಂದು ದಿನದಿಂದ ಯಾರೂ ಮುಟ್ಟದ ಅದರ ಹಾಳೆಗಳು ಅಂಟಿಕೊಂಡಿದ್ದವು. ಚೀಟಿಯಲ್ಲಿ ಬರೆದದ್ದು ಸುಳ್ಳು ಎಂದು ಬರೆದು ಸಹಿ ಮಾಡಿ, ದುರುಗಮ್ಮನಿಗೆ ಮೊದಲ ಮಾತ್ರೆ ನುಂಗಿಸಿ, ಹೊರಗೆ ಬಂದು ತಮ್ಮ ಮೂರೂ ಅಂಕಿಗಳನ್ನು ನನ್ನ ಕೈಯಾರೆ ಇಳಿಸಿದೆ. ತಮಗೆ ನೋವಾಗಿದ್ದರೆ ಕ್ಷಮೆ ಇರಲಿ.

ಈಗ ಎರಡು ವಿನಂತಿಗಳು. ಚೀಟಿಗಳ ಪ್ರಕಾರ ನಮಗೆ ಅಪಾಯವಾಗುವುದೆಲ್ಲ ನಮ್ಮ ಮನೆಗಳಲ್ಲೇ ಆದ್ದರಿಂದ, ತಾವು ದಯಮಾಡಿ ಪ್ರತಿ ಸಿಬ್ಬಂದಿಯ ಬಚ್ಚಲಿಗೂ ಬಂದು ನೇತಾಡಬೇಕು. ಅದು ಕಷ್ಟವಾದರೆ, ಮುಂದಿನ ಸೋಮವಾರ ಗೋಡೆಯಿಂದಿಳಿದು, ದುರುಗಮ್ಮನಿಗೆ ಕೊಟ್ಟಿರುವ, ಹೆಬ್ಬೆರಳು ಹರಿದ ಕೈಗವಸು ತೊಟ್ಟು, ಹನ್ನೆರಡು ಚೀಲ ಎತ್ತಿ ತೋರಿಸಬೇಕು. ದುರುಗಮ್ಮ ಅಷ್ಟು ಹೊತ್ತು ತಮ್ಮ ಜಾಗದಲ್ಲಿ ನಿಲ್ಲಲು ಒಪ್ಪಿದ್ದಾಳೆ.

ತಮ್ಮ ಹಸಿರು ಮಾಸದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಸುಕನ್ಯಾ

ತಾಜಾ ಕಲಂ: ದುರುಗಮ್ಮನ ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಕಂಡಿಲ್ಲ, ಇನ್ನೆರಡು ಬಾಕಿ ಇವೆ, ನಾನು ಎಷ್ಟು ಹೇಳಿದರೂ ಅಲ್ಲಿಯವರೆಗೆ ಮೊಮ್ಮಗಳಿಗೆ ಚಮಚದಲ್ಲೇ ತಿನ್ನಿಸುತ್ತಾಳಂತೆ. ಅನುಮತಿಯಿಲ್ಲದೆ ಅಂಕಿ ಇಳಿಸಿ ಸಂಸ್ಥೆಯ ಮನೋಬಲ ಕುಗ್ಗಿಸಿದ್ದಕ್ಕೆ ನನಗೆ ನೋಟಿಸು ಬಂದಿದೆ. ಎಪ್ಪತ್ತೆರಡು ಗಂಟೆಯೊಳಗೆ ಉತ್ತರಿಸಬೇಕಂತೆ, ತಡವಾದರೆ ಪರಿಗಣಿಸುವುದಿಲ್ಲವಂತೆ. ಎಪ್ಪತ್ತೆರಡು ಗಂಟೆ ಎಂದರೆ ಎಷ್ಟು ಹೊತ್ತು ಎಂಬುದು ನಮ್ಮ ಕಚೇರಿಗೆ ಗೊತ್ತಿದೆ ಎಂದು ತಿಳಿದು ಬಹಳ ಸಂತೋಷವಾಯಿತು.