ಜಯತೀರ್ಥ ಮಾಸ್ತರರ ಮಿಲಿಟರಿ ಗಾಡಿ

ದಸರೆಯ ಖಂಡೆ ಪೂಜೆಯ ಮುಂಜಾನೆ ಗದಗಿನ ಜಯತೀರ್ಥ ಮಾಸ್ತರರು ತಮ್ಮ ಮೋಟಾರು ಚಾಲೂ ಮಾಡಲು ಅದರ ಮೂತಿಗೆ ಹ್ಯಾಂಡಲ್ ಹಾಕಿ ತಿರುವುತ್ತಿದ್ದಾಗ ಪಕ್ಕದ ಮನೆಯ ತುಳಸಾಬಾಯಿ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಆ ತಟ್ಟೆಯಿಂದಲೇ.

"ಜಯಾ, ಸ್ವಲ್ಪ ತಡಿ. ಗಾಡಿಗೆ ಕುಂಕುಮ ಹಚ್ಚಿಬಿಡ್ತೀನಿ."

"ಬ್ಯಾಡ್ರಿ ಕಾಕು! ಪೂಜಿ ಆತಂದ್ರ ನಾಳೆ ಬನ್ನಿ ಮುಡಿಯೂತನಕಾ ಮುಟ್ಟೋ ಹಂಗಿಲ್ಲ. ಇವತ್ತ ಹೊತ್ತು ಮುಳುಗೂದ್ರಾಗ ನಾ ಮುಂಡರಗಿ ಸೇರಬೇಕಾಗ್ಯದ."

ಮಾಸ್ತರರು ಹೇಳಿದ್ದು ಸುಳ್ಳಲ್ಲ. ಖಂಡೆ ಪೂಜೆಗೆ ಇಟ್ಟ ಕುಡುಗೋಲಿರಲಿ, ತಕ್ಕಡಿಯಿರಲಿ, ಅವತ್ತು ಅದಕ್ಕೆ ರಜೆ. ಮರುದಿನ ಬನ್ನಿ ಮುಡಿದ ಮೇಲೆಯೇ ಅದನ್ನು ಕೈಗೆತ್ತಿಕೊಳ್ಳಬೇಕು. ಆದರೆ ಮಾಸ್ತರರಿಗೆ ನಾಳೆಯ ತನಕ ಕಾಯುವ ಹಾಗಿರಲಿಲ್ಲ. ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಶ್ರಾವಣದಲ್ಲಿ ಮುಂಡರಗಿಗೆ ಹೋದ ಹೆಂಡತಿ ಪದ್ಮಾಬಾಯಿ, ಆಚೆಯ ನಿಜಾಮನ ಗಡಿಯ ಗದ್ದಲದಲ್ಲಿ ಅಲ್ಲಿಯೇ ಉಳಿದಿದ್ದಳು. ಸೈನ್ಯ ನುಗ್ಗಿ ಗದ್ದಲ ಮುಗಿದು ಹೈದರಾಬಾದು ಭಾರತ ಒಕ್ಕೂಟ ಸೇರಿದ ಮೇಲೆ, ಸ್ವಂತ ಮೋಟಾರಿನಲ್ಲಿ ಬಂದು ಕರೆದೊಯ್ಯುತ್ತೇನೆಂದು ಮಾಸ್ತರರು ಎರಡು ಸಲ ಹೇಳಿ ಕಳಿಸಿದ್ದರು. ಎರಡು ಸಲವೂ ಮೋಟಾರು ಊರ ಪಕ್ಕದ ಬೆಟಗೇರಿ ದಾಟಿರಲಿಲ್ಲ. ಮಾವ ಗುರುರಾಜ ಕುಲಕರ್ಣಿಯವರಿಗೆ ಸಿಟ್ಟು ಬಂತು. ಖಂಡೆ ಪೂಜೆಯ ಸಂಜೆಯೊಳಗೆ ಅಳಿಯ ಬರದಿದ್ದರೆ ಮಗಳನ್ನು ತಮ್ಮ ಜೊತೆ ಪಂಢರಪುರಕ್ಕೆ ಕರೆದೊಯ್ಯುವುದಾಗಿಯೂ, ಕಾರ್ತಿಕ ಮುಗಿಯುವ ತನಕ ಆ ಕಡೆಯೇ ಇರುವುದಾಗಿಯೂ ಅವರು ತಿಳಿಸಿದ್ದರು. ತಮ್ಮ ಕೈಯ ಸಾರನ್ನು ತಾವೇ ಉಂಡು ಮಾಸ್ತರರು ಸೋತು ಹೋಗಿದ್ದರು. ಸಾರಿಗಿಂತ ಹೆಚ್ಚಾಗಿ, ಶಾಲೆಯಿಂದ ಬಂದರೆ ಮಾತಾಡುವವರಿಲ್ಲದ ಮನೆ ಅವರಿಗೆ ಬೇಸರ ತಂದಿತ್ತು.

ಇನ್ನು ಮೋಟಾರಿನ ವಿಷಯ. ಮಹಾಯುದ್ಧದ ಕಾಲದಲ್ಲಿ ಅಧಿಕಾರಿಗಳನ್ನು ಹೊತ್ತು ತಿರುಗಿದ ಪುಟ್ಟ ವಿಲಾಯತಿ ಗಾಡಿ ಅದು. ಯುದ್ಧ ಮುಗಿದ ಮೇಲೆ ಬೆಳಗಾವಿಯಲ್ಲಿ ಸೈನ್ಯದ ಗಾಡಿಗಳನ್ನು ಹರಾಜು ಹಾಕಿದಾಗ ದೊಡ್ಡ ಲಾರಿಗಳನ್ನು ಬಸ್ಸಿನ ಮಾಲೀಕರು ಎಗರಿಸಿಕೊಂಡು ಹೋದರು. ಯಾರಿಗೂ ಬೇಡವಾಗಿ ಉಳಿದದ್ದು ಮಾಸ್ತರರ ಪಾಲಿಗೆ ಬಂತು. ಕ್ಯಾನ್ವಾಸಿನ ಮಾಡು ಹರಿದಿತ್ತು, ಮುಂದಿನ ಗಾಜು ಇರಲೇ ಇಲ್ಲ. ಹಸಿರು ಬಣ್ಣ ಮಾತ್ರ ಗಟ್ಟಿಯಾಗಿತ್ತು. ಬಾಗಿಲ ಮೇಲೆ ಸೈನ್ಯದ ಬಿಳಿ ನಂಬರು ಹಾಗೆಯೇ ಇತ್ತು. ಬೇರೆ ಬಣ್ಣ ಹೊಡೆಸೋಣವೆಂದರೆ ಬೆಟಗೇರಿಯ ಮಿಸ್ತ್ರಿ ಖಾಸಿಂಸಾಬ ಒಪ್ಪಿರಲಿಲ್ಲ.

"ಬಣ್ಣಾ ಕೆರೀಬ್ಯಾಡ್ರಿ ಮಾಸ್ತರ. ಗಾಡಿ ಹಿಡಕೊಂಡು ನಿಂತದ್ದ ಆ ಬಣ್ಣಾ" ಎಂದಿದ್ದ. ಧೂಳಿಗೆಂದು ಒಂದು ದೊಡ್ಡ ಕಪ್ಪು ಕನ್ನಡಕವನ್ನೂ, ಸೀಟಿನ ಕೆಳಗೆ ಸಿಕ್ಕ ಖಾಕಿ ಕೋಟನ್ನೂ ಅವನೇ ಮಾಸ್ತರರಿಗೆ ತೊಡಿಸಿದ್ದ.

ತುಳಸಾಬಾಯಿ ಆರತಿ ಹಚ್ಚುವಷ್ಟರಲ್ಲಿ ಮೋಟಾರು ಕೆಮ್ಮಿ ಹೊರಟೇಬಿಟ್ಟಿತು.

"ಪೂಜಿ ಇಲ್ಲದ ಹೊಂಟೀದಿ, ಏನರೆ ಆದ್ರ ನನ್ನ ಅನಬ್ಯಾಡ!" ಎಂದು ಅವರು ಹಿಂದಿನಿಂದ ಕೂಗಿದರು.

ನಾಗಾವಿಯ ಹತ್ತಿರ ಬೀರಲಿಂಗಪ್ಪನೆಂಬ ರೈತ ದೊಡ್ಡ ಬೂದುಗುಂಬಳಕಾಯಿ ಹೊತ್ತು ಅಡ್ಡ ನಿಂತ. ಮುಂಡರಗಿಯ ಬೀಗರ ಮನೆಗೆ ಹೊರಟಿದ್ದನಂತೆ. ಮಾಸ್ತರರಿಗೆ ಇಲ್ಲವೆನ್ನಲು ಬರುವುದಿಲ್ಲ, ಹತ್ತಿಸಿಕೊಂಡರು. ಮುಂದಿನ ಏರಿನಲ್ಲಿ ಮೋಟಾರು ನಿಂತಾಗ, ಹತ್ತಿಸಿಕೊಂಡದ್ದೇ ಒಳ್ಳೆಯದಾಯಿತು ಅನ್ನಿಸಿತು. ಬೀರಲಿಂಗಪ್ಪ ಕುಂಬಳಕಾಯಿಯನ್ನು ಸೀಟಿನಲ್ಲಿ ಕೂಡಿಸಿ ತಾನು ಇಳಿದು ನೂಕಿದ.

"ಸಾಹೇಬ್ರ, ಈ ಗಾಡಿ ಹೈದ್ರಾಬಾದಿಗೆ ಹೋಗಿತ್ತೇನ್ರಿ?" ಎಂದು ನೂಕುತ್ತಲೇ ಕೇಳಿದ.

"ಇಲ್ಲೋ ಮಾರಾಯಾ. ನಾ ಸಾಲಿ ಮಾಸ್ತರ."

"ಗುಟ್ಟಿನ ಮಾತಿದ್ರ ಬ್ಯಾಡ ಬಿಡ್ರಿ" ಎಂದು ಬೀರಲಿಂಗಪ್ಪ ಕಣ್ಣು ಮಿಟುಕಿಸಿದ.

ಡಂಬಳ ಮುಟ್ಟುವಾಗ ನಡು ಮಧ್ಯಾಹ್ನ. ರಸ್ತೆಯ ಬದಿಯ ಕಟ್ಟೆಯ ಮುಂದೆ ಊರಿನ ರಂಟೆ, ಕುಂಟೆ, ಕೊಡಲಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಹಸಿರು ಗಾಡಿ ಕಂಡದ್ದೇ ಜನ ಓಡಿ ಬಂದು ಸುತ್ತುವರಿದರು. ಯುದ್ಧ ಗೆದ್ದು ಬಂದ ಗಾಡಿ ಇರುವಾಗ ಕೊಡಲಿಗೆ ಮೊದಲ ಪೂಜೆಯೇ? ಹಾರ ಬಂತು, ಕುಂಕುಮ ಬಂತು, ಕರ್ಪೂರ ಹಚ್ಚಲು ಒಬ್ಬ ಕಡ್ಡಿ ಗೀರಿದ.

ಇದು ತಮ್ಮ ಸ್ವಂತ ಗಾಡಿಯೆಂದು ಮಾಸ್ತರರು ಪರಿಪರಿಯಾಗಿ ಹೇಳಿದರು. ಒಬ್ಬರೂ ನಂಬಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ, ಜನ್ಮದಲ್ಲಿ ಮೊದಲ ಸಲ, ಅವರು ಸೀಟಿನ ಮೇಲೆ ಎದ್ದು ನಿಂತು ದೊಡ್ಡ ಸುಳ್ಳು ಹೇಳಿದರು.

"ಮುಟ್ಟಬ್ಯಾಡ್ರಿ! ಮ್ಯಾಲಿನವರ ಹುಕುಂ ಅದ! ನಾ ಜಲ್ದಿ ಮುಂಡರಗಿ ಮುಟ್ಟಬೇಕು!"

"ನಾ ಮೊದಲ ಹೇಳಿದ್ದಿಲ್ಲ?" ಎಂದ ಬೀರಲಿಂಗಪ್ಪ, ಯಾರಿಗೂ ಏನೂ ಹೇಳಿರದಿದ್ದರೂ.

ಜನ ಹಾರ ಬಿಟ್ಟು ದಾರಿ ಮಾಡಲು ನಿಂತರು. ಎದುರಿಗೆ ಮುಂಡರಗಿಯಿಂದ ಗದಗಿಗೆ ಹೊರಟ ಬಸ್ಸು ಬರುತ್ತಿತ್ತು. ಅದೂ ಸೈನ್ಯದ ಲಾರಿಯೇ. ಮೇಲೆ ಕಟ್ಟಿಗೆಯ ಡಬ್ಬಿ ಕೂಡಿಸಿ, ಪೆಟ್ರೋಲಿನ ಬದಲು ಹಿಂದೆ ಇದ್ದಲಿ ಒಲೆ ಕಟ್ಟಿ, ಬೆಳಗಾವಿಯ ಹರಾಜಿನಲ್ಲಿ ಬಿಕರಿಯಾದ, ಮಾಸ್ತರರ ಗಾಡಿಯ ಅಣ್ಣ ಬಸ್ಸಾಗಿದ್ದ. ಡಂಬಳದ ಜನ ಅಣ್ಣನನ್ನು ರಸ್ತೆಯಿಂದ ಇಳಿಸಿ ನಿಲ್ಲಿಸಿದರು. ತಮ್ಮ ದಾಟಿದ. ಬಸ್ಸಿನಲ್ಲಿ ಗದಗಿನವರು ಯಾರಾದರೂ ಗುರುತು ಹಿಡಿದಾರೆಂದು ಮಾಸ್ತರರು ಕೋಟಿನ ಕಾಲರು ಎತ್ತಿಕೊಂಡು ನೆಟ್ಟಗೆ ಮುಂದೆ ನೋಡುತ್ತ ಕುಳಿತರು. "ಜೈ ಹಿಂದ್" ಎಂದು ಬಸ್ಸಿನವರು ಕೂಗಿದರು. ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಹೊರಗೆ ಬಂದು, ಮುಡಿಯಿಂದ ತೆಗೆದ ಸೇವಂತಿಗೆಯೊಂದನ್ನು ಬಾನೆಟ್ಟಿನ ಮೇಲೆ ಎಸೆಯಿತು. ಸುಮ್ಮನೆ ಹೋದರೆ ಅನುಮಾನ ಬಂದೀತೆಂದು ಮಾಸ್ತರರು ಆ ಕೈಗೆ ಸೆಲ್ಯೂಟು ಹೊಡೆದರು.

ಊರಾಚೆ ಮೋಟಾರು ನೀರು ಕುದಿದು ಮತ್ತೆ ನಿಂತಿತು. ಬೀರಲಿಂಗಪ್ಪ ಹಳ್ಳ ಹುಡುಕಿಕೊಂಡು ಹೋದ. ಅಷ್ಟರಲ್ಲಿ ಡಂಬಳದವನೊಬ್ಬ ಸೈಕಲ್ ತುಳಿಯುತ್ತ ಅವರನ್ನು ದಾಟಿದ.

"ಸಾವಕಾಶ ಬರ್ರಿ ಸಾಹೇಬ್ರ! ಮುಂಡರಗಿಗೆ ನಾ ಖಬರ ಮುಟ್ಟಸ್ತೇನಿ!"

ಮಾಸ್ತರರು ಕೂಗಿದ್ದು ಅವನಿಗೆ ಕೇಳಲಿಲ್ಲ.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗ ಅವರು ಮುಂಡರಗಿಯ ಅಗಸಿ ಬಾಗಿಲಿಗೆ ಬಂದರು. ಗೆದ್ದೆ ಎಂದುಕೊಂಡರು. ಆದರೆ ಅಗಸಿಯಲ್ಲಿ ಊರಿಗೆ ಊರೇ ನಿಂತಿತ್ತು. ಹಲಗೆಯವರು ಒಂದೇ ಸವನೆ ಬಾರಿಸುತ್ತಿದ್ದರು. ಎಲ್ಲರ ಮುಂದೆ ಆರತಿ ತಟ್ಟೆ ಹಿಡಿದು ಹಿರಿಯರೊಬ್ಬರು ನಿಂತಿದ್ದರು. ಅವರು ಮಾವ ಗುರುರಾಜ ಕುಲಕರ್ಣಿಯವರು. ಸಂಜೆಯಾದರೆ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

"ಮಾವಾ, ನಾನ್ರೀ! ಪೂಜಿ ಮಾಡಬ್ಯಾಡ್ರಿ!"

ಹಲಗೆಯ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಮಾವ ಮೂರು ಸಲ ಆರತಿ ಬೆಳಗಿದರು. ಬಿಳಿ ನಂಬರಿಗೆ ಕುಂಕುಮ ಬಳಿದರು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಬಂತು. ಬೀಗರ ಮನೆಗೆಂದು ತಂದ ಕುಂಬಳಕಾಯಿಯನ್ನು ಬೀರಲಿಂಗಪ್ಪನೇ ಉತ್ಸಾಹದಿಂದ ಮುಂದೆ ಬಂದು ಒಡೆದ. ಕಡೆಗೆ ಮಾವ ಅಧಿಕಾರಿಗೆ ಹಾರ ಹಾಕಲು ಹತ್ತಿರ ಬಂದಾಗ ಮಾಸ್ತರರು ಕನ್ನಡಕ ತೆಗೆದರು.

ಹಲಗೆ ನಿಂತಿತು.

"ಅಳಿಯಂದ್ರ? ನೀವು ಮಿಲಿಟರಿ ಯಾವಾಗ ಸೇರಿದ್ರಿ?"

"ಸೇರಿಲ್ರಿ. ಪದ್ಮಾನ್ನ ಕರಕೊಂಡು ಹೋಗ್ಲಿಕ್ಕೆ ಬಂದೀನಿ. ನೋಡ್ರಿ, ಹೊತ್ತು ಇನ್ನೂ ಮುಳುಗಿಲ್ಲ."

ಮಾವ ಪಡುವಣಕ್ಕೆ ನೋಡಿದರು. ಹಾರ ಕೈಯಲ್ಲೇ ಉಳಿಯಿತು.

"ಖರೆ, ಈ ಸಲಾ ಮಾತು ಉಳಿಸಿಕೊಂಡ್ರಿ. ಆದ್ರ ಪದ್ಮಾ ಇಲ್ಲಲ್ಲ."

"ಎಲ್ಲಿ ಹೋಗ್ಯಾಳ್ರಿ?"

"ಗದಗಿಗೆ. ಮುಂಜಾನಿಂದ ಒಂದ ಸಮನ ಅತ್ಲು. 'ಹಬ್ಬದಾಗ ಅವರು ಒಬ್ರ ಕೂತಿರ್ತಾರ. ಆ ಗಾಡಿ ಏನ ಊರು ದಾಟೂದಿಲ್ಲ. ನಾನ ಹೋಗ್ತೀನಿ' ಅಂದ್ಲು. ನಾನೂ ಎಷ್ಟಂತ ಹಟಾ ಹಿಡೀಲಿ? ಹೊಸಾ ಹಸಿರು ಬಳಿ ಇಡಿಸಿ, ಒಂದ ಸೇವಂತಿಗಿ ಮುಡಿಸಿ ಬಸ್ಸಿಗೆ ಕೂಡಿಸಿ ಬಂದೆ. ದಾರ್ಯಾಗ ಬಸ್ಸು ಕಾಣಲಿಲ್ಲೇನು?"

ಮಾಸ್ತರರು ಕೆಳಗೆ ಜಿಗಿದರು. ಸೀದಾ ಹ್ಯಾಂಡಲಿಗೆ ಕೈ ಹಾಕಿದರು. ಹ್ಯಾಂಡಲು ಅಲ್ಲಿರಲಿಲ್ಲ. ಅದಾಗಲೇ ಅಗಸಿಯ ಕಟ್ಟೆಯ ಮೇಲೆ ಊರವರ ಕುಡುಗೋಲುಗಳ ನಡುವೆ ಅರಿಷಿಣ ಕುಂಕುಮ ಹಚ್ಚಿಕೊಂಡು ಕುಳಿತಿತ್ತು.

"ಮುಟ್ಟಬ್ಯಾಡ್ರಿ!" ಎಂದು ಇಡೀ ಮುಂಡರಗಿ ಒಂದೇ ದನಿಯಲ್ಲಿ ಕೂಗಿತು.

"ಬಸ್ಸರೆ?"

"ಅದಕ್ಕೂ ಗದಗಿನಾಗ ಇವತ್ತ ಪೂಜಿ. ನಾಳೆ ಬನ್ನಿ ಮುಡದ ಮ್ಯಾಲೆ ಬರ್ತದ" ಎಂದರು ಮಾವ. ತಾವೇ ಆರತಿ ಎತ್ತಿದ ಅಳಿಯನನ್ನು ಬೈಯಲು ಅವರಿಗೆ ಬಾಯಿ ಬರಲಿಲ್ಲ. "ಹೋಗ್ಲಿ ಬಿಡ್ರಿ, ಊಟಕ್ಕ ಏಳ್ರಿ. ಮನಿ ಸೇರಿ ಅಕಿ ಆರಾಮ ಇರ್ತಾಳ."

ಬೆವರೊರೆಸಲು ಮಾಸ್ತರರು ಕೋಟಿನ ಜೇಬಿಗೆ ಕೈ ಹಾಕಿದರು. ಸಿಕ್ಕಿದ್ದು ಗದಗಿನ ಮನೆಯ ಕೀಲಿಕೈ. ಬೀಗದ ಮುಂದೆ ಗಂಟು ಹಿಡಿದು ನಿಂತ ಪದ್ಮಾಬಾಯಿಯೂ, ಪೂಜೆ ಮಾಡಿಸದೆ ಹೋದ ಗಂಡನ ಕತೆಯನ್ನು ಮೊದಲಿನಿಂದ ಹೇಳುತ್ತಿರುವ ತುಳಸಾಬಾಯಿಯೂ ಅವರ ಕಣ್ಣಿಗೆ ಕಟ್ಟಿದರು.

"ನಾಳೆ ಬನ್ನಿ ಮುಡದದ್ದ ತಡಾ, ನಾ ಗದಗಿಗೆ ಹೊಂಡಾಂವ" ಎಂದರು.

ಬೀರಲಿಂಗಪ್ಪ ಒಡೆದ ಕುಂಬಳಕಾಯಿಯ ಹೋಳು ಆರಿಸುತ್ತಿದ್ದವನು ತಲೆಯೆತ್ತಿದ.

"ಹೌದ್ರಿ ಸಾಹೇಬ್ರ. ಆದ್ರ ನೀವು ಇಲ್ಲಿಗೆ ಬಂದೀರಿ ಅಂತ ತಿಳದ ಮ್ಯಾಲೆ, ನಮ್ಮ ಅಕ್ಕಾವ್ರು ನಾಳೆ ಅದ ಬಸ್ಸಿಗೆ ಇಲ್ಲಿಗೆ ಹೊಂಡೂದಿಲ್ಲೇನ್ರಿ?"

ಮಾಸ್ತರರು ಗಾಡಿಯ ಕಡೆ ತಿರುಗಿದರು. ಬಾನೆಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸೇವಂತಿಗೆಯನ್ನು ತೆಗೆಯಲೆಂದು ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಎಂದು ಜನ ಮತ್ತೆ ಕೂಗಿದರು.