ಎಡಗಾಲಿಯ ರಬ್ಬರ್ ಬೂಟು

ಗುರುಲಿಂಗವ್ವ: ಒಂಬತ್ತರ ಬಸ್ಸು ಬಿಡಬ್ಯಾಡ್ರಿ ಅಂತ ಬಡಕೊಂಡೆ! ಹನ್ನೆರಡಕ್ಕ ಗುಡೂರಾಗ ಬಸುರಿ ತಂಗೀ ಕುಬಸ, ಇಲ್ಲಿ ನೋಡಿದ್ರ ಗಾಲಿ ಅಂಗಳದಾಗ ಮಲಗೇತಿ!

ಅಂದಾನಪ್ಪ (ಕಾರಿನ ಕೆಳಗಿನಿಂದ): ಅರ್ಧಾ ತಾಸು ತಡಿ. ರಾಣಿಹಂಗ ಕರಕೊಂಡು ಹೋಗ್ತೇನಿ.

ಗುರುಲಿಂಗವ್ವ: ಆ ಅರ್ಧಾ ತಾಸಿಗೆ ಎರಡೂವರಿ ತಾಸು ಆತು. ಹಸರ ಸೀರಿ ನನ್ನ ಕೈಯಾಗೈತಿ. ಇದು ಮುಟ್ಟೋತನಕ ನನ್ನ ತಂಗೀನ್ನ ಮಣಿ ಮ್ಯಾಲೆ ಕುಂದ್ರಸಂಗಿಲ್ಲ.

ಅಂದಾನಪ್ಪ ನನ್ನ ಮಗ, ಗುರುಲಿಂಗವ್ವ ಸೊಸೆ. ಮಗನದು ಇಳಕಲ್ಲಿನಲ್ಲಿ ನೂಲಿನ ಅಂಗಡಿ. ಎಂಬತ್ತೇಳರಲ್ಲಿ ಒಂದು ಸಣ್ಣ ಕಾರು ಕೊಂಡ, ಮುಂದಿನ ಗಾಲಿಗಳೇ ಎಳೆಯುವಂಥದ್ದು. ಆ ಗಾಲಿಯ ಎಕ್ಸಲ್ಲಿನ ಕೀಲಿಗೆ ರಬ್ಬರಿನ ಮುಸುಕು ಇರುತ್ತದೆ. ಅದಕ್ಕೆ ಬೂಟು ಅನ್ನುತ್ತಾರೆ. ಒಳಗೆ ಗ್ರೀಸು. ಬೂಟು ಹರಿದರೆ ಮಣ್ಣು ಹೊಕ್ಕು ಕೀಲು ಸವೆಯುತ್ತದೆ. ಎಡಗಡೆಯದು ಹರಿದಿದೆ, ಹಾಗೇ ಓಡಿಸಬೇಡಿ ಎಂದು ಮೇಸ್ತ್ರಿ ಮಲೀಕಸಾಬ ಹೇಳಿದ್ದ. ಹುಬ್ಬಳ್ಳಿಯಿಂದ ಒಂದೇ ಒಂದು ಹೊಸ ಬೂಟು ತರಿಸಿ, ಮಗ ತಾನೇ ಹಾಕಲು ಕೂತಿದ್ದ.

ಅಂದಾನಪ್ಪ: ಯವ್ವಾ, ಈಳಿಗಿ ಕೊಡು. ಹಳೇದನ್ನ ಕೊಯ್ದು ಒಗೀತೇನಿ.

ನಾನು: ಕೊಯ್ಯಬ್ಯಾಡ. ಇಡೀದು ತೆಗಿ.

ಅಂದಾನಪ್ಪ: ಹರಕು ರಬ್ಬರ ಯಾಕ ಬೇಕ ನಿನಗ?

ನಾನು: ಒಂದ್ ಕಡೆ ಅಗಲ, ಒಂದ್ ಕಡೆ ಸಣ್ಣ. ಹರಕಿಗೆ ತ್ಯಾಪಿ ಹಚ್ಚಿದ್ರ ಶೇಂಗಾ ಎಣ್ಣಿ ಹೊಯ್ಯಾಕ ಚಲೋ ಲಾಳಿಕಿ ಆಕ್ಕೈತಿ.

ಗುರುಲಿಂಗವ್ವ: ಅತ್ತೀ, ನಿಮಗ ಲಾಳಿಕಿ ಚಿಂತಿ! ಅಲ್ಲಿ ಏಳು ತಿಂಗಳ ಬಸುರಿ ದಾರಿ ನೋಡಾಕತ್ತಾಳ.

ನಾನು: ಏಳು ತಿಂಗಳು ತಡದಾಳ, ಇನ್ನೊಂದು ತಾಸು ತಡೀತಾಳ.

ಮಗ ಗೊಣಗುತ್ತ ಕೀಲು ಕಳಚಿದ. ಮಣ್ಣು ಮೆತ್ತಿಕೊಂಡಿದ್ದ ಹಳೇ ಬೂಟು ಇಡಿಯಾಗಿ ಬಂತು. ಹೊಸದನ್ನು ತೊಡಿಸಿ, ಗ್ರೀಸು ತುಂಬಿ, ಪಟ್ಟಿ ಬಿಗಿದ. ಗಾಲಿಯ ನಟ್ಟು ನಾಲ್ಕು ಬಿಚ್ಚಿದ್ದ, ನಾಲ್ಕೂ ಹಾಕಿದ, ಎಣಿಸಿದೆ. ಅಷ್ಟರಲ್ಲಿ ನಾನು ಹಳೆಯದನ್ನು ಅಂಟವಾಳದ ಪುಡಿ ಹಾಕಿ ತಿಕ್ಕಿ ತೊಳೆದು, ಸಣ್ಣ ಬಾಯಿಗೆ ಅಂಗೈ ಒತ್ತಿ ಹಿಡಿದು ನೀರು ಹೊಯ್ದೆ.

ನಾನು: ಅಂದಾನಿ, ಹರದದ್ದು ಎಲ್ಲೈತೋ?

ಅಂದಾನಪ್ಪ: ಎಲ್ಲೆರ ಇರ್ತೈತಿ, ನೋಡವ್ವಾ.

ನಾನು: ಒಂದು ಹನಿ ಸೋರವಲ್ದು.

ಸೊಸೆ ಬಂದು ಬೂಟನ್ನು ಸುತ್ತ ತಿರುಗಿಸಿ ನೋಡಿದಳು.

ಗುರುಲಿಂಗವ್ವ: ರೀ, ಮಲೀಕಸಾಬ ಯಾವ ಕಡೆ ಅಂದಿದ್ದ?

ಅಂದಾನಪ್ಪ: ಎಡಕ್ಕ.

ಗುರುಲಿಂಗವ್ವ: ನೀವು ಯಾವದು ಬಿಚ್ಚೀರಿ?

ಅಂದಾನಪ್ಪ (ಕಾರಿನ ಮೂತಿಗೆ ಎದುರಾಗಿ ನಿಂತು, ಎಡಗೈ ಚಾಚಿ): ಇದಽ. ಎಡಕ್ಕ.

ನಾನು: ಬಂಡಿಗೆ ಎದುರು ನಿಂತು ಯಾರರ ಎಡ ಬಲ ಹೇಳ್ತಾರೇನೋ? ಕುಂತು ಹೊಡಿಯಾಂವನ ಎಡಗೈ ಕಡೇದು ಎಡಗೋಲ ಎತ್ತು. ನೀ ಐದು ವರ್ಷದಾಂವ ಇದ್ದಾಗ ನಿಮ್ಮಪ್ಪ ಕಲಿಸಿದ್ದ.

ಅಂದಾನಪ್ಪ: ಅದು ಎತ್ತು, ಯವ್ವಾ. ಇದು ಕಾರು.

ಗುರುಲಿಂಗವ್ವ: ಎತ್ತಾಗಿದ್ರ ಒದ್ದರ ಹೇಳತಿತ್ತು, ‘ನಾ ಅಲ್ಲ, ಆ ಕಡೇದು’ ಅಂತ!

ಮಗ ಆ ಕಡೆ ಹೋಗಿ ಬಗ್ಗಿ ನೋಡಿದ. ಹರಿದ ಬೂಟು ಬಾಯಿ ತೆರೆದುಕೊಂಡಿತ್ತು. ಗಾಲಿಯ ಒಳಮೈಗೆಲ್ಲ ಗ್ರೀಸು ಸಿಡಿದಿತ್ತು.

ಅಂದಾನಪ್ಪ: ಹೊಸಾದು ಅಲ್ಲಿ ಕುಂತೈತಿ... ಮತ್ತ ಹುಬ್ಬಳ್ಳಿಗೆ ಹೋಗಿ ಇನ್ನೊಂದು ತರಬೇಕು.

ಗುರುಲಿಂಗವ್ವ: ಹೋಗಿ ಬರ್ರಿ. ಬರೋದ್ರಾಗ ಕೂಸು ಸಾಲಿಗೆ ಹೊಂಟಿರ್ತೈತಿ. ಈ ಸೀರಿ ಅದಕ್ಕ ಉಡಸೋಣು.

ಅಂದಳು, ಆದರೆ ಕಣ್ಣಂಚು ಒದ್ದೆಯಾಗಿತ್ತು. ತೊಳೆದ ಬೂಟನ್ನು ಆಗಲೇ ಎಣ್ಣೆ ಡಬ್ಬಿಯ ಬಾಯಿಗೆ ಇಟ್ಟು ನೋಡಿದ್ದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಮತ್ತೊಮ್ಮೆ ನೋಡಿ, ತೆಗೆದು, ಸೆರಗಿನಿಂದ ಒಳಗೂ ಹೊರಗೂ ಒರೆಸಿದೆ.

ನಾನು: ತಗೋ. ಇದನ್ನ ಆ ಕಡೆ ಹಾಕು.

ಅಂದಾನಪ್ಪ: ಯವ್ವಾ! ಆಗಲೇ ಕೊಯ್ದಿದ್ರ...

ನಾನು: ಮಾತು ಬ್ಯಾಡ. ಕೆಳಗ ಹೋಗು.

ಈ ಸಲ ಕೈ ಪಳಗಿತ್ತು. ಮುಕ್ಕಾಲು ತಾಸಿನಲ್ಲಿ ಮುಗಿಯಿತು. ಹನ್ನೊಂದು ಹೊಡೆಯುವಾಗ ಸೊಸೆ ಸೀರೆ ಹಿಡಿದುಕೊಂಡು ಕಾರಿನಲ್ಲಿ ಕುಳಿತಳು. ಮಗ ಗ್ರೀಸಿನ ಕೈಯಲ್ಲೇ ಬಂದು ಹರಿದ ಬೂಟನ್ನು ನನ್ನ ಕೈಗಿಟ್ಟ.

ಅಂದಾನಪ್ಪ: ತಗೋ ಯವ್ವಾ, ನಿನ್ನ ಲಾಳಿಕಿ.

ನೀರು ಹೊಯ್ದು ನೋಡಿದೆ. ಮೂರು ಕಡೆಯಿಂದ ಸೋರಿ ನನ್ನ ಪಾದಕ್ಕೇ ಬಿತ್ತು.

ನಾನು: ಮುಂದಿನ ಸಲ ಬಿಚ್ಚೂವಾಗನೂ ಹಿಂಗಽ ಕಾರಿಗೆ ಎದುರು ನಿಂತಽ ಎಡಕ್ಕ ನೋಡಪಾ, ಮಗನ. ನನಗ ಸೋರದ ಲಾಳಿಕಿ ಸಿಗತೈತಿ.